ಜಯನಗರದ 16 ಓಟು, ನಮ್ಮ ಮನೆಯ 4 ಓಟು

ಸಂಪಿಗೆಮರ, ಜೆ.ಪಿ. ನಗರ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಒಂದು ವಿಷಯವನ್ನು ಇವತ್ತು ಬರೆದೇಬಿಡೋಣ ಅಂತ ಕೂತಿದ್ದೇನೆ.

2023ರ ಮೇ 10, ವಿಧಾನಸಭೆ ಚುನಾವಣೆಯ ದಿನ. ನಾನು, ಯಜಮಾನರು, ಅತ್ತೆ, ಮಾವ. ನಾಲ್ಕೂ ಜನರ ಓಟು ಜಯನಗರ ಕ್ಷೇತ್ರದಲ್ಲಿದೆ. ಹಿಂದಿನ ದಿನ ತುಮಕೂರಿನಲ್ಲಿ ನಾದಿನಿ ಮಗುವಿನ ನಾಮಕರಣ ಇತ್ತು. ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆಯೇ ಹೊರಟುಬಿಡೋಣ ಅಂತ ಅತ್ತೆ ಎರಡು ಸಲ ಹೇಳಿದರು. ಊಟ ಮಾಡಿಕೊಂಡೇ ಹೋಗಿ ಅಂತ ನಾದಿನಿ ಮನೆಯವರು ಬಲವಂತ ಮಾಡಿದರು. ಊಟ ಆಯಿತು, ಎಲೆಅಡಿಕೆ ಆಯಿತು, ಮಾತು ಆಯಿತು. ನೆಲಮಂಗಲದ ಹತ್ತಿರ ಗಾಡಿಗಳ ಸಾಲು. ಗೊರಗುಂಟೆಪಾಳ್ಯ ದಾಟುವಾಗ ಗಂಟೆ ಆರೂಕಾಲು. ಅತ್ತೆ ನಾಲ್ಕು ಓಟರ್ ಕಾರ್ಡಿಗೂ ರಬ್ಬರ್ ಬ್ಯಾಂಡ್ ಹಾಕಿ ಕೈಯಲ್ಲೇ ಹಿಡಿದುಕೊಂಡಿದ್ದರು. ಆರು ಗಂಟೆಗೆ ಮತದಾನ ಮುಗಿದಮೇಲೆ ಅದನ್ನು ಸುಮ್ನೆ ಬ್ಯಾಗಿಗೆ ಹಾಕಿದರು. ಯಾರಿಗೂ ಏನೂ ಅನ್ನಲಿಲ್ಲ.

13ನೇ ತಾರೀಕು ಫಲಿತಾಂಶ. ಮಧ್ಯಾಹ್ನದ ಹೊತ್ತಿಗೆ ರಾಜ್ಯದ ಚಿತ್ರ ಸ್ಪಷ್ಟವಾಗಿತ್ತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ನಮ್ಮ ಜಯನಗರ ಮಾತ್ರ ಮುಗಿಯಲೇ ಇಲ್ಲ. ಸೌಮ್ಯಾ ರೆಡ್ಡಿ ಗೆದ್ದರು ಅಂತ ಒಮ್ಮೆ ಸುದ್ದಿ ಬಂತು. ಆಮೇಲೆ ಮರು ಎಣಿಕೆ. ರಾತ್ರಿ ಮಲಗುವ ಹೊತ್ತಿಗೂ ಗೊತ್ತಾಗಲಿಲ್ಲ. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ 57,781. ಅಂತರ 16.

ಯಾರು ಗೆಲ್ಲಬೇಕಿತ್ತು ಅನ್ನೋದು ನನ್ನ ಪ್ರಶ್ನೆ ಅಲ್ಲ. ನಮ್ಮ ನಾಲ್ಕು ಜನ ಒಂದೇ ಪಕ್ಷಕ್ಕೆ ಹಾಕುವವರೂ ಅಲ್ಲ. ಆದರೆ ನಮ್ಮಂಥ ನಾಲ್ಕೈದು ಮನೆಯವರು ಊಟ ಬಿಟ್ಟು ಬೇಗ ಹೊರಟಿದ್ದರೆ ಒಬ್ಬ ಶಾಸಕರ ಐದು ವರ್ಷ ಬೇರೆಯಾಗಿರುತ್ತಿತ್ತು, ಅಲ್ವಾ? ಇದು ನನಗೆ ನಿದ್ದೆ ಕೆಡಿಸಿದೆ. ಈ ಕ್ಷೇತ್ರದ ಹಳೆಯ ಕಥೆ ಗೊತ್ತಿರುವವರು ದಯವಿಟ್ಟು ಹೇಳಿ. ಮಗಳಿಗೆ 18 ತುಂಬುತ್ತಿದೆ. ಅವಳು ಕೇಳಿದರೆ ಹೇಳೋಕೆ ನನಗೆ ಏನೂ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು, ಜಯನಗರ

ಮೇಡಂ, ನಿಮ್ಮ ಬರಹ ಎರಡು ಸಲ ಓದಿದೆ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಅಷ್ಟೂ ವರ್ಷ ಚುನಾವಣೆ ಡ್ಯೂಟಿಯೂ ಮಾಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಜಯನಗರದ ಕಥೆ ರಾಮಲಿಂಗಾ ರೆಡ್ಡಿಯವರಿಂದ ಶುರು ಮಾಡಬೇಕು. ಸೌಮ್ಯಾ ರೆಡ್ಡಿ ಅವರ ಮಗಳು. 1983ರಲ್ಲಿ ರಾಮಲಿಂಗಾ ರೆಡ್ಡಿ ನಗರಪಾಲಿಕೆ ಸದಸ್ಯರಾದರು. ಅಂದರೆ ಚರಂಡಿ, ಬೀದಿದೀಪ, ನೀರು ಇಲ್ಲಿಂದಲೇ ಶುರು. 1989ರಲ್ಲಿ ಜಯನಗರದಿಂದ ಶಾಸಕರಾದರು. 1994, 1999, 2004, ಪ್ರತಿ ಸಲ ಗೆದ್ದರು. ಇದರಲ್ಲಿ 1994ನ್ನು ನೀವು ಗಮನಿಸಬೇಕು. ಆ ವರ್ಷ ಜನತಾದಳದ ಅಲೆ. ದೇವೇಗೌಡರು ಮುಖ್ಯಮಂತ್ರಿ ಆದರು. ಹಿಂದಿನ ಸಲ 178 ಗೆದ್ದಿದ್ದ ಕಾಂಗ್ರೆಸ್ 34ಕ್ಕೆ ಇಳಿಯಿತು. ಆ ಮೂವತ್ತನಾಲ್ಕರಲ್ಲಿ ಜಯನಗರವೂ ಒಂದು. ಪಕ್ಷ ಮುಳುಗಿದಾಗಲೂ ತೇಲಿದ ಶಾಸಕ ಎಂದರೆ ಬೀದಿಯಲ್ಲಿ ಏನೋ ಕೆಲಸ ಮಾಡಿದ್ದಾನೆ ಅಂತಲೇ ಲೆಕ್ಕ.

2008ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು. ಉತ್ತರಹಳ್ಳಿ, ಬಿನ್ನಿಪೇಟೆ, ಜಯಮಹಲ್, ಭಾರತಿನಗರ ಹೆಸರುಗಳೇ ಹೋದವು. ಬಿಟಿಎಂ ಲೇಔಟ್ ಅನ್ನುವ ಹೊಸ ಕ್ಷೇತ್ರ ಬಂತು. ಅವರು ಅಲ್ಲಿಗೆ ಹೋದರು. 2008, 2013, 2018, 2023, ನಾಲ್ಕೂ ಸಲ ಗೆದ್ದರು. ಒಟ್ಟು ಎಂಟು. ಬೆಂಗಳೂರಿನಂಥ ಊರಿನಲ್ಲಿ, ಮೂರು ವರ್ಷಕ್ಕೊಮ್ಮೆ ಮನೆ ಬದಲಾಯಿಸುವ ಜನರ ನಡುವೆ, ಎಂಟು ಸಲ ಗೆಲ್ಲೋದು ಸಣ್ಣ ವಿಷಯ ಅಲ್ಲ.

ಒಂದು ಮಾತು ಸೇರಿಸುತ್ತೇನೆ. ಜಯನಗರ ಅಂತ ವಿಳಾಸ ಇದ್ದ ಮಾತ್ರಕ್ಕೆ ಜಯನಗರ ಕ್ಷೇತ್ರ ಅಲ್ಲ. ಹಳೆಯ ಬ್ಲಾಕ್‌ಗಳಲ್ಲಿ ಕೆಲವು ಚಿಕ್ಕಪೇಟೆ ಕ್ಷೇತ್ರಕ್ಕೆ ಸೇರಿವೆ. ನಿಮ್ಮ ಜೆ.ಪಿ. ನಗರದ ಸುಮಾರು ಭಾಗ ಜಯನಗರಕ್ಕೆ ಬರುತ್ತೆ. ಬೂತಿಗೆ ಬಂದು "ಇಲ್ಲಿ ನಮ್ಮ ಹೆಸರೇ ಇಲ್ಲ" ಅಂತ ಬೇಜಾರು ಮಾಡಿಕೊಂಡು ಹೋದವರನ್ನು ತುಂಬಾ ನೋಡಿದ್ದೇನೆ.

ತಿಲಕನಗರದವನು

ಮೇಷ್ಟ್ರು ಒಬ್ಬರ ಹೆಸರು ಬಿಟ್ಟಿದ್ದಾರೆ. ಬಿ.ಎನ್. ವಿಜಯಕುಮಾರ್. ರೆಡ್ಡಿಯವರು ಬಿಟಿಎಂಗೆ ಹೋದಮೇಲೆ 2008ರಲ್ಲೂ 2013ರಲ್ಲೂ ಜಯನಗರದಿಂದ ಬಿಜೆಪಿ ಶಾಸಕರಾಗಿದ್ದವರು. ಮದುವೆ ಆಗಿರಲಿಲ್ಲ. ಸರಳ ಮನುಷ್ಯ ಅಂತ ಬೇರೆ ಪಕ್ಷದವರೂ ಹೇಳುತ್ತಿದ್ದರು.

2018ರಲ್ಲಿ ಮೂರನೇ ಸಲ ನಿಂತಿದ್ದರು. ಮತದಾನಕ್ಕೆ ಒಂದು ವಾರ ಇದೆ ಅನ್ನುವಾಗ ಪ್ರಚಾರದ ನಡುವೆಯೇ ಕುಸಿದರು. ಮೇ 4ರಂದು ತೀರಿಕೊಂಡರು. ಆ ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ಪ್ರಚಾರದ ಆಟೋ ಬರಲಿಲ್ಲ. ಯಾವ ಪಕ್ಷದ್ದೂ ಬರಲಿಲ್ಲ. ಹಾಲಿನ ಬೂತಿನ ಹತ್ತಿರ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನಗೆ ಇವತ್ತಿಗೂ ನೆನಪಿರೋದು ಆ ಮೌನ.

ರಾಜ್ಯವೆಲ್ಲ ಮೇ 12ಕ್ಕೆ ಓಟು ಹಾಕಿತು. ನಾವು ಹಾಕಿದ್ದು ಜೂನ್ 11ಕ್ಕೆ. ಅಷ್ಟರಲ್ಲಿ ಸರ್ಕಾರವೇ ರಚನೆಯಾಗಿತ್ತು. ಯಡಿಯೂರಪ್ಪನವರು ಮುಖ್ಯಮಂತ್ರಿ ಆಗಿ ಇಳಿದಿದ್ದರು, ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದರು. ಮೈತ್ರಿ ಆಗಿದ್ದಕ್ಕೆ ಜೆಡಿಎಸ್ ಇಲ್ಲಿ ಕಾಂಗ್ರೆಸ್ಸಿಗೆ ಬೆಂಬಲ ಕೊಟ್ಟಿತು. ಬಿಜೆಪಿಯಿಂದ ವಿಜಯಕುಮಾರ್ ಅವರ ತಮ್ಮ ಪ್ರಹ್ಲಾದ್ ಬಾಬು ನಿಂತರು. ಸೌಮ್ಯಾ ರೆಡ್ಡಿ 2,889 ಓಟಿನಿಂದ ಗೆದ್ದರು. ಒಂದೇ ವಿಧಾನಸಭೆಯಲ್ಲಿ ಅಪ್ಪ ಬಿಟಿಎಂಗೆ, ಮಗಳು ಪಕ್ಕದ ಜಯನಗರಕ್ಕೆ. ಐದು ವರ್ಷ ಆದಮೇಲೆ ಆ 2,889 ಕರಗಿ 16ರ ಸೋಲಾಯಿತು.

ಬಿಟಿಎಂ ಬಾಡಿಗೆಮನೆ

ನಾನು ಹಾಸನದವನು. ಹನ್ನೆರಡು ವರ್ಷದಿಂದ ಬಿಟಿಎಂನಲ್ಲಿ ಬಾಡಿಗೆಗಿದ್ದೇನೆ. ನಿಜ ಹೇಳಬೇಕಂದ್ರೆ ಶಾಸಕರು ಅಂದರೆ ಯಾರು, ಏನು ಮಾಡುತ್ತಾರೆ ಅಂತ ನಮ್ಮ ಪಿ.ಜಿ.ಗಳಲ್ಲಿ ಇರುವ ಅರ್ಧ ಜನಕ್ಕೆ ಗೊತ್ತಿಲ್ಲ. ಓಟು ಊರಿನಲ್ಲಿ, ಕಷ್ಟ ಇಲ್ಲಿ.

ರಾಮಲಿಂಗಾ ರೆಡ್ಡಿಯವರ ಬಗ್ಗೆ ಎರಡು ವಿಷಯ ಸೇರಿಸುತ್ತೇನೆ. ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲಿ ಸಾರಿಗೆ ಸಚಿವರಾಗಿದ್ದರು. 2017ರ ಸೆಪ್ಟೆಂಬರ್ ಶುರುವಿನಲ್ಲಿ ಗೃಹ ಸಚಿವರಾದರು. ಕೆಲವೇ ದಿನದಲ್ಲಿ, ಸೆಪ್ಟೆಂಬರ್ 5ರ ರಾತ್ರಿ, ಗೌರಿ ಲಂಕೇಶ್ ಅವರ ಕೊಲೆ ಆಯಿತು. ಕುರ್ಚಿಯಲ್ಲಿ ಕೂತ ವಾರದೊಳಗೆ ಇಡೀ ದೇಶದ ಕ್ಯಾಮೆರಾ ಮುಂದೆ ಉತ್ತರ ಕೊಡಬೇಕಾಯಿತು. 2018ರ ಮೈತ್ರಿ ಸರ್ಕಾರದಲ್ಲಿ ಅವರಿಗೆ ಮಂತ್ರಿ ಸ್ಥಾನ ಸಿಗಲಿಲ್ಲ. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಶಾಸಕರ ಸಾಲಿನಲ್ಲಿ ಇವರೂ ಇದ್ದರು. ಆದರೆ ವಾಪಸ್ ತಗೊಂಡರು. ವಿಶ್ವಾಸಮತದ ದಿನ ಸದನಕ್ಕೆ ಬಂದು ಸರ್ಕಾರದ ಪರ ಮತ ಹಾಕಿದರು. ಆ ದಿನ ಸರ್ಕಾರ 99ಕ್ಕೆ 105ರಿಂದ ಬಿತ್ತು. ಉಳಿದವರಲ್ಲಿ ಹೆಚ್ಚಿನವರು ಪಕ್ಷ ಬದಲಿಸಿ ಉಪಚುನಾವಣೆಗೆ ಹೋದರು, ಇವರು ಹೋಗಲಿಲ್ಲ. ನನಗೆ ಅವರ ಮೇಲೆ ಗೌರವ ಬಂದಿದ್ದು ಅವತ್ತು.

2023ರಲ್ಲಿ ಮತ್ತೆ ಸಾರಿಗೆ, ಜೊತೆಗೆ ಮುಜರಾಯಿ. ಜೂನ್ 11ರಿಂದ ಶಕ್ತಿ ಯೋಜನೆ. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ ಬನ್ನೇರುಘಟ್ಟದ ಕಡೆಯಿಂದ ಎರಡು ಬಸ್ಸು ಹತ್ತಿ ಬರುತ್ತಾರೆ. ಬಸ್ಸಿನ ದುಡ್ಡು ಉಳಿಸಿ ಮಗನ ಟ್ಯೂಷನ್ನಿಗೆ ಕಟ್ಟುತ್ತಿದ್ದೇನೆ ಅಂತ ಹೇಳಿದರು. ಅವರಿಗೆ ಮಂತ್ರಿ ಹೆಸರು ಗೊತ್ತಿಲ್ಲ. ಕೈಯಲ್ಲಿರುವ ಸೊನ್ನೆ ದರದ ಟಿಕೆಟ್ ಗೊತ್ತು.

ನೇರಮಾತು

ಎಲ್ಲರೂ ಒಬ್ಬ ಶಾಸಕರನ್ನು ಹೊಗಳುತ್ತಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಬೆಂಗಳೂರಿನಲ್ಲಿ ಜನ ನೋಡೋದು ಪಕ್ಷ, ಚಿಹ್ನೆ. 2024ರ ಲೋಕಸಭೆ ನೋಡಿ. ಇದೇ ಸೌಮ್ಯಾ ರೆಡ್ಡಿ ಬೆಂಗಳೂರು ದಕ್ಷಿಣದಿಂದ ನಿಂತರು. ತೇಜಸ್ವಿ ಸೂರ್ಯ ಎರಡೂವರೆ ಲಕ್ಷಕ್ಕೂ ಜಾಸ್ತಿ ಓಟಿನಿಂದ ಗೆದ್ದರು. ವರ್ಷದ ಹಿಂದೆ 16ರಲ್ಲಿ ಸೋತವರು ಲಕ್ಷಗಳಲ್ಲಿ ಸೋತರು. ಇದಕ್ಕೆ ಏನು ಹೇಳ್ತೀರಿ? ಅಪ್ಪ ಶಾಸಕ ಅಂತ ಮಗಳಿಗೂ ಟಿಕೆಟ್, ಅಣ್ಣ ತೀರಿಕೊಂಡರು ಅಂತ ತಮ್ಮನಿಗೆ ಟಿಕೆಟ್. ಎರಡೂ ಪಕ್ಷ ಒಂದೇ. ಬೀದಿಯಲ್ಲಿ ಕೆಲಸ ಮಾಡಿದ ಕಾರ್ಯಕರ್ತನಿಗೆ ಯಾವಾಗ ಸಿಗುತ್ತೆ?

ತಿಲಕನಗರದವನು

ಟಿಕೆಟ್ ವಿಷಯದಲ್ಲಿ ನಿಮ್ಮ ಮಾತು ಸರಿ. ನನಗೂ ಅದು ನೋವಿನ ವಿಷಯವೇ. ಆದರೆ 2023ರಲ್ಲಿ ಗೆದ್ದ ರಾಮಮೂರ್ತಿಯವರನ್ನು ನೋಡಿ. ಅವರೂ ಪಾಲಿಕೆ ಸದಸ್ಯರಾಗಿದ್ದವರು. ವಾರ್ಡಿನಿಂದ ಬಂದವರು. ಲೋಕಸಭೆಗೂ ವಿಧಾನಸಭೆಗೂ ಜನ ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ರಾಜ್ಯದಲ್ಲಿ 135 ಗೆದ್ದ ಕಾಂಗ್ರೆಸ್ ಬೆಂಗಳೂರಿನ 28ರಲ್ಲಿ ಗೆದ್ದಿದ್ದು 12. ಉಳಿದ 16 ಬಿಜೆಪಿ. ಎಲ್ಲ ಕಡೆ ಅಲೆಯೊಂದೇ ಕೆಲಸ ಮಾಡಿದ್ದರೆ ಹೀಗೆ ಆಗುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು, ಜಯನಗರ

ಜಯನಗರದಲ್ಲಿ 16 ಓಟಿನ ಅಂತರ ಬಂದ ಆ ಎಣಿಕೆಯ ರಾತ್ರಿ ಏನಾಯಿತು ಅಂತ ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಅಲ್ಲಿ ನಾನು ಡ್ಯೂಟಿಯಲ್ಲಿ ಇರಲಿಲ್ಲ. ಎಣಿಕೆ ನಡೆದಿದ್ದು ಜಯನಗರದ ಎಸ್‌ಎಸ್‌ಎಂಆರ್‌ವಿ ಕಾಲೇಜಿನಲ್ಲಿ. ಎರಡೂ ಪಕ್ಷದ ದೊಡ್ಡ ನಾಯಕರು ಬಂದರು, ಹೊರಗೆ ಜನ ಸೇರಿದರು. ಜಗಳ ಇದ್ದಿದ್ದು ಅಂಚೆ ಮತಗಳ ಮೇಲೆ. ಮೊದಲು ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ನೋಡಿದ ಮೇಲೆ ಫಲಿತಾಂಶ ತಿರುಗಿತು ಅನ್ನೋದು ಕಾಂಗ್ರೆಸ್ಸಿನ ಆಕ್ಷೇಪ. ಸರಿಯಾಗಿ ಎಣಿಸಿಲ್ಲ, ಮತ್ತೆ ನೋಡಿ ಅನ್ನೋದು ಬಿಜೆಪಿಯ ಬೇಡಿಕೆಯಾಗಿತ್ತು.

ಇದನ್ನು ಅರ್ಥ ಮಾಡಿಕೊಳ್ಳೋಕೆ ಅಂಚೆ ಮತದ ಲಕೋಟೆ ಹೇಗಿರುತ್ತೆ ಅಂತ ತಿಳಿಯಬೇಕು. ನನ್ನ ಕೈಯಲ್ಲೇ ಎಷ್ಟೋ ಹಾದುಹೋಗಿವೆ. ಚುನಾವಣೆ ಕೆಲಸಕ್ಕೆ ಹೋಗುವ ನಮ್ಮಂಥವರು ಹೀಗೆ ಓಟು ಹಾಕುತ್ತೇವೆ. ಮತಪತ್ರ ಒಂದು ಸಣ್ಣ ಲಕೋಟೆಯೊಳಗೆ. ಅದನ್ನು ಅಂಟಿಸಬೇಕು. ಜೊತೆಗೆ ಒಂದು ಘೋಷಣೆ, ಅದು ನಮೂನೆ 13ಎ. ಅದಕ್ಕೆ ನಾವು ಸಹಿ ಹಾಕಬೇಕು, ಅಧಿಕಾರಿಯೊಬ್ಬರು ದೃಢೀಕರಿಸಬೇಕು. ಇವೆರಡೂ ದೊಡ್ಡ ಲಕೋಟೆಯೊಳಗೆ. ಎಣಿಕೆ ಮೇಜಿನಲ್ಲಿ ಮೊದಲು ದೊಡ್ಡದನ್ನು ಒಡೆಯುತ್ತಾರೆ. ಘೋಷಣೆ ಇಲ್ಲವೇ? ಸಹಿ ಇಲ್ಲವೇ? ಮತಪತ್ರದ ಕ್ರಮಸಂಖ್ಯೆ ತಾಳೆ ಆಗುತ್ತಿಲ್ಲವೇ? ಹಾಗಾದರೆ ಸಣ್ಣ ಲಕೋಟೆ ಒಡೆಯೋದೇ ಇಲ್ಲ. ಒಳಗಿನ ಮತ ಯಾರಿಗೆ ಅಂತ ಯಾರಿಗೂ ಗೊತ್ತಾಗಲ್ಲ. ಅದನ್ನು ಪಕ್ಕಕ್ಕೆ ಇಡುತ್ತಾರೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರ್ ಒಬ್ಬರು ಆತುರದಲ್ಲಿ ಘೋಷಣೆಯನ್ನೂ ಸಣ್ಣ ಲಕೋಟೆಯೊಳಗೇ ಹಾಕಿ ಅಂಟಿಸಿಬಿಟ್ಟಿದ್ದರು. ಬಿಚ್ಚೋಕೆ ಹೋದರೆ ಹರಿಯಿತು. ಎರಡು ದಿನ ಚುನಾವಣೆ ಡ್ಯೂಟಿ ಮಾಡಿ ನೂರಾರು ಜನರ ಬೆರಳಿಗೆ ಮೈಸೂರಿನಲ್ಲಿ ತಯಾರಾದ ಶಾಯಿ ಹಚ್ಚಿದವರು ಅವರು. ಅವರ ಸ್ವಂತ ಮತ ಲೆಕ್ಕಕ್ಕೆ ಬರಲಿಲ್ಲ.

ನಿಯಮ ಏನಂದರೆ, ತಿರಸ್ಕರಿಸಿದ ಅಂಚೆ ಮತಗಳ ಸಂಖ್ಯೆಗಿಂತ ಗೆಲುವಿನ ಅಂತರ ಕಮ್ಮಿ ಇದ್ದರೆ, ಅವನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಲೇಬೇಕು. ಚುನಾವಣಾಧಿಕಾರಿ ತಮ್ಮ ತೀರ್ಮಾನವನ್ನು ಬರೆದು ಇಡಬೇಕು. ಫಲಿತಾಂಶ ಘೋಷಣೆ ಆದಮೇಲೆ ಅವರಿಗೂ ಏನೂ ಮಾಡೋಕೆ ಆಗಲ್ಲ. ಸೋತವರು 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ಓಟು ಸಮ ಸಮ ಬಂದರೆ ಚೀಟಿ ಎತ್ತುತ್ತಾರೆ. ಇದೂ ಕಾನೂನಿನಲ್ಲೇ ಇದೆ.

ಸಂಪಿಗೆಮರ ಮೇಡಂ, ಇನ್ನೊಂದು ಮಾತು. ಆರು ಗಂಟೆಗೆ ಬಾಗಿಲು ಹಾಕುತ್ತಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆರು ಗಂಟೆಗೆ ಯಾರು ಸಾಲಿನಲ್ಲಿ ನಿಂತಿರುತ್ತಾರೋ ಅವರಿಗೆಲ್ಲ ಓಟು ಹಾಕುವ ಹಕ್ಕಿದೆ. ನಾವು ಸಂಖ್ಯೆ ಬರೆದು ಸಹಿ ಹಾಕಿದ ಚೀಟಿ ಕೊಡುತ್ತೇವೆ. ಸಾಲಿನ ಕೊನೆಯವರಿಂದ ಶುರು ಮಾಡಿ ಮುಂದಿನವರ ಕಡೆಗೆ ಬರುತ್ತೇವೆ. ಹಾಗೆ ಮಾಡಿದರೆ ಹಿಂದೆ ಹೊಸಬರು ಸೇರಿಕೊಳ್ಳೋಕೆ ಆಗಲ್ಲ. ಎಂಟು ಗಂಟೆಯವರೆಗೂ ಓಟು ಹಾಕಿಸಿದ್ದೇನೆ.

ಸಂಪಿಗೆಮರ, ಜೆ.ಪಿ. ನಗರ

ಅಂದರೆ ಆರಕ್ಕೆ ಐದು ನಿಮಿಷ ಇರುವಾಗ ಕಾಂಪೌಂಡ್ ಒಳಗೆ ಇದ್ದಿದ್ದರೂ ಸಾಕಿತ್ತು. ಇದು ಗೊತ್ತೇ ಇರಲಿಲ್ಲ ಮೇಷ್ಟ್ರೇ.

ಯಳಂದೂರು ಕಡೆಯವನು, ಈಗ ಬನಶಂಕರಿ

16ಕ್ಕೇ ಹೀಗೆ ಅಂತೀರಾ? ನಮ್ಮ ಕಡೆ ಒಂದು ಓಟಿನ ಕಥೆ ಇದೆ. 2004, ಸಂತೇಮರಹಳ್ಳಿ ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಕೃಷ್ಣಮೂರ್ತಿಯವರ ಕಾರಿನ ಡ್ರೈವರ್‌ಗೆ ಆ ದಿನ ಓಟು ಹಾಕೋಕೆ ಬಿಡುವು ಸಿಗಲಿಲ್ಲ ಅನ್ನುವ ಮಾತು ಪತ್ರಿಕೆಗಳಲ್ಲೂ ಬಂತು, ನಮ್ಮೂರಿನ ಜಗಲಿಗಳಲ್ಲೂ ಓಡಾಡಿತು.

ನಾನಾಗ ಕಾಲೇಜಿನಲ್ಲಿದ್ದೆ. ನಮ್ಮಪ್ಪ ರೇಡಿಯೋ ಪಕ್ಕ ಕೂತಿದ್ದವರು ಎದ್ದು ನಿಂತು "ಒಂದಾ? ಒಂದೇನಾ?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಆ ಒಂದು ಓಟಿನಿಂದ ಇಬ್ಬರ ದಾರಿ ಬೇರೆಯಾಯಿತು. ಧ್ರುವನಾರಾಯಣ ಮುಂದೆ ಚಾಮರಾಜನಗರದಿಂದ ಎರಡು ಸಲ ಸಂಸದರಾದರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ನಮ್ಮ ಕಡೆ ಪಕ್ಷ ನೋಡದೆ ಜನ ಅತ್ತರು. ಕೃಷ್ಣಮೂರ್ತಿ ವರ್ಷಗಟ್ಟಲೆ ಕಾದರು. ಸಂತೇಮರಹಳ್ಳಿ ಕ್ಷೇತ್ರವೇ 2008ರಲ್ಲಿ ಇಲ್ಲವಾಯಿತು. ಅವರು ಕಾಂಗ್ರೆಸ್ಸಿಗೆ ಬಂದು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಅಂತರ 59 ಸಾವಿರಕ್ಕೂ ಜಾಸ್ತಿ. ಹತ್ತೊಂಬತ್ತು ವರ್ಷ! ಒಂದು ಓಟಿಗೆ ಸೋತವನು ಮನೆಗೆ ಹೋಗಿ ಮಲಗದೆ ಮತ್ತೆ ಮತ್ತೆ ಜನರ ಹತ್ತಿರ ಬಂದನಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ನೇರಮಾತು

ಈ ಕಥೆ ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಆದರೂ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಶಾಸಕರ ಕೆಲಸ ಕಾನೂನು ಮಾಡೋದು, ಬಜೆಟ್ ಮೇಲೆ ಮಾತಾಡೋದು. ನಾವು ಅವರನ್ನು ಗುಂಡಿ ಮುಚ್ಚಿಸೋಕೆ ಕರೆಯುತ್ತೇವೆ.

ಬಿಟಿಎಂ ಬಾಡಿಗೆಮನೆ

ಕರೆಯದೆ ಏನು ಮಾಡೋದು ಹೇಳಿ? ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರ್ ಇರಲಿಲ್ಲ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, 2025ರಲ್ಲಿ ಐದು ಪಾಲಿಕೆ ಆಯಿತು. ಬೋರ್ಡು ಬದಲಾಯಿತು. ಆದರೆ ಆ ವರ್ಷಗಳಲ್ಲೆಲ್ಲ ಚರಂಡಿ ಕಟ್ಟಿಕೊಂಡರೆ ಯಾರಿಗೆ ಹೇಳೋದು? ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಕಸಕ್ಕೆ ಇನ್ನೊಬ್ಬರು. ಹೆಸರಿಟ್ಟು ಕರೆಯೋಕೆ ಸಿಗುವ ಒಬ್ಬರೇ ಒಬ್ಬರು ಅಂದರೆ ಶಾಸಕರು.

ಹೋದ ಮಳೆಗಾಲದಲ್ಲಿ ನಮ್ಮ ಕೆಳಗಿನ ಮನೆಯವರಿಗೆ ಮೊಣಕಾಲುದ್ದ ನೀರು ನುಗ್ಗಿತು. ಮೂರು ಕಚೇರಿಗೆ ಫೋನ್ ಮಾಡಿದೆವು. ಒಬ್ಬರು ಇನ್ನೊಬ್ಬರ ಕಡೆ ತೋರಿಸಿದರು. ಕೊನೆಗೆ ಶಾಸಕರ ಕಚೇರಿಯ ಹುಡುಗನೊಬ್ಬ ಬೈಕಿನಲ್ಲಿ ಬಂದು ನೋಡಿ, ಪಂಪು ಕಳಿಸಿದ. ಇದು ಶಾಸಕರ ಕೆಲಸ ಅಲ್ಲ, ಒಪ್ಪುತ್ತೇನೆ. ಆದರೆ ಓಟು ನೆನಪಾಗೋದು ಇದರಿಂದಲೇ.

ನಿವೃತ್ತ ಮೇಷ್ಟ್ರು, ಜಯನಗರ

ಇಬ್ಬರ ಮಾತೂ ಮುಖ್ಯ. ಒಬ್ಬ ಶಾಸಕರಿಗೆ ಕ್ಷೇತ್ರದ ಅಭಿವೃದ್ಧಿಗೆ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ನಿಧಿ. ಎರಡು ಲಕ್ಷ ಮತದಾರರಿರುವ ಕ್ಷೇತ್ರದಲ್ಲಿ ಅದು ತಲೆಗೆ ನೂರು ರೂಪಾಯಿ. ಅದನ್ನು ಯಾವ ಶಾಲೆಯ ಸೂರಿಗೆ, ಯಾವ ರಸ್ತೆಗೆ ಕೊಟ್ಟರು ಅಂತ ಕೇಳುವ ಹಕ್ಕು ನಮಗಿದೆ. ನಾವು ಕೇಳಲ್ಲ. ಸದನದಲ್ಲಿ ಯಾವ ಪ್ರಶ್ನೆ ಕೇಳಿದರು ಅಂತಲೂ ನೋಡಲ್ಲ. ಚುನಾವಣೆ ಬಂದಾಗ ಮಾತ್ರ ಎದ್ದು ಕೂರುತ್ತೇವೆ. ಬೆಂಗಳೂರಿನಲ್ಲಿ ಅದೂ ಅರ್ಧ ಜನ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 73 ಜನ ಓಟು ಹಾಕಿದರು. ನಮ್ಮ ಊರಿನಲ್ಲಿ ಅರ್ಧ ದಾಟೋಕೆ ಏದುಸಿರು ಬಂತು. ಬೂತಿನೊಳಗೆ ಮಧ್ಯಾಹ್ನ ಎರಡು ಗಂಟೆಗೆ ಖಾಲಿ ಬೆಂಚು ನೋಡುತ್ತಾ ಕೂತವನಿಗೆ ಆ ಸಂಕಟ ಗೊತ್ತು. ಪಟ್ಟಿಯಲ್ಲಿ ಹೆಸರಿದೆ, ಫೋಟೋ ಇದೆ, ಮನುಷ್ಯ ಬಂದಿಲ್ಲ.

ಸಂಪಿಗೆಮರ, ಜೆ.ಪಿ. ನಗರ

ಎಲ್ಲರ ಉತ್ತರ ಮನೆಯಲ್ಲಿ ಜೋರಾಗಿ ಓದಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ವಿಜಯಕುಮಾರ್ ಅವರ ವಿಷಯ ಬಂದಾಗ "ನಮ್ಮ ಮನೆಗೂ ಓಟು ಕೇಳೋಕೆ ಬಂದಿದ್ದರು, ನೀರು ಕುಡಿದು ಹೋದರು" ಅಂದರು. ಸಂತೇಮರಹಳ್ಳಿ ಕಥೆ ಎರಡು ಸಲ ಓದಿಸಿದರು.

ಮಗಳ ಜೊತೆ ಕೂತು, ಮತದಾರರ ಪಟ್ಟಿಗೆ ಹೊಸ ಹೆಸರು ಸೇರಿಸುವ ಫಾರಂ 6 ತುಂಬಿದೆವು. ಜನವರಿ 1ಕ್ಕೇ ಕಾಯಬೇಕು ಅಂದುಕೊಂಡಿದ್ದೆ. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ಕ್ಕೆ 18 ತುಂಬುವವರೂ ಹೆಸರು ಸೇರಿಸಬಹುದಂತೆ. ಹಾಗೇ ನಮ್ಮ ನಾಲ್ಕು ಜನರ ಹೆಸರೂ ಹುಡುಕಿದೆವು. ಮೂವರದ್ದು ಸರಿ ಇದೆ. ಮಾವನ ಹೆಸರು ಇನ್ನೂ ಹಳೆ ಮನೆಯ ವಿಳಾಸದಲ್ಲೇ ಇದೆ. ಬೂತು ಬೇರೆ. ಅದಕ್ಕೆ ಫಾರಂ 8 ಹಾಕಬೇಕಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು, ಜಯನಗರ

ಹೌದು ಮೇಡಂ, ಫಾರಂ 8. ವಿಳಾಸದ ಪುರಾವೆಗೆ ಕರೆಂಟ್ ಬಿಲ್ ಲಗತ್ತಿಸಿ. ಹಾಕಿದ ಮೇಲೆ ಬರುವ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಬೂತಿನ ಬಿಎಲ್ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಬರುತ್ತಾರೆ, ಅವತ್ತು ಮಾವನವರು ಮನೆಯಲ್ಲಿರಲಿ. ಪಟ್ಟಿಯಲ್ಲಿ ಹೊಸ ಬೂತು ಬಂದಿದೆಯಾ ಅಂತ ತಿಂಗಳು ಬಿಟ್ಟು ಒಮ್ಮೆ ನೋಡಿ. ಬರದಿದ್ದರೆ ಇಲ್ಲೇ ಬರೆಯಿರಿ, ನಾನು ಜೊತೆಗೆ ಬರುತ್ತೇನೆ.